ಗ್ರೀಕರ ನಾಲ್ಕು ರಸ, ನಮ್ಮ ಪಿತ್ತ: ಹಳೆಯ ರೋಗಿಯ ಕಥೆ ಓದುವುದು ಹೇಗೆ?

ಮನೆಯಲ್ಲಿ ಯಾರಿಗಾದರೂ ತಲೆ ಸುತ್ತಿ ವಾಂತಿ ಬಂದರೆ ನಮ್ಮ ಬಾಯಿಗೆ ಮೊದಲು ಬರುವ ಮಾತು "ಪಿತ್ತ ಜಾಸ್ತಿ ಆಗಿದೆ" ಅಂತ. ಮೈಮೇಲೆ ದದ್ದು ಎದ್ದರೆ ಪಿತ್ತದ ಗಂಧೆ. ಪಪ್ಪಾಯಿ ಉಷ್ಣ, ಮಜ್ಜಿಗೆ ತಂಪು. ಇದನ್ನೆಲ್ಲ ಯಾರೂ ಕೂರಿಸಿಕೊಂಡು ಪಾಠ ಮಾಡಿಲ್ಲ. ಅಡುಗೆಮನೆಯಲ್ಲಿ ಕಿವಿಗೆ ಬಿದ್ದು ಬಂದದ್ದು.

ಹಾಗಾಗಿ ಹಳೆಯ ಗ್ರೀಕ್ ವೈದ್ಯದ ಪುಸ್ತಕವೊಂದು ಕೈಗೆ ಸಿಕ್ಕಾಗ ನಮಗೆ ಅದು ಅಷ್ಟೊಂದು ಪರಕೀಯ ಅನ್ನಿಸುವುದಿಲ್ಲ. ಅಲ್ಲೂ ಪಿತ್ತ ಇದೆ, ಕಫ ಇದೆ, ಉಷ್ಣ ಶೀತ ಇದೆ. ಈ ಪರಿಚಯ ದೊಡ್ಡ ಸಹಾಯ. ನಾವು ಎಡವುವುದೂ ಅಲ್ಲೇ. ಗೊತ್ತಿರುವ ಮಾತು ಅಂದುಕೊಂಡು ಬೇಗ ಬೇಗ ಓದುತ್ತೇವೆ, ನಮ್ಮ ಪಿತ್ತವನ್ನು ಅವರ ಪಿತ್ತದ ಜಾಗದಲ್ಲಿ ಕೂರಿಸುತ್ತೇವೆ. ಅಲ್ಲಿಂದ ಮುಂದೆ ಓದುವುದೆಲ್ಲ ಒಂಚೂರು ತಪ್ಪಾಗುತ್ತಾ ಹೋಗುತ್ತದೆ.

ಇತಿಹಾಸದ ವಿದ್ಯಾರ್ಥಿಗಳಿಗೆ, ಅನುವಾದ ಮಾಡುವವರಿಗೆ, ಹಳೆಯ ವೈದ್ಯದ ಬಗ್ಗೆ ಸುಮ್ನೆ ಕುತೂಹಲ ಇರುವವರಿಗೆ ಈ ಲೇಖನ. ಸಾಧ್ಯವಾದರೆ ಒಂದು ನೋಟ್‌ಬುಕ್, ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ.

1. ಬರಹ ಯಾವ ಕಾಲದ್ದು, ಯಾರದ್ದು ನೋಡಿ

"ಹಿಪ್ಪೊಕ್ರಾಟಿಸ್ ಹೀಗೆ ಹೇಳಿದ್ದಾನೆ" ಅನ್ನುವ ಸಾಲು ಕಂಡರೆ ಅಲ್ಲೇ ನಿಲ್ಲಿ. ಗ್ರೀಸಿನ ಕೋಸ್ ದ್ವೀಪದ ವೈದ್ಯ ಹಿಪ್ಪೊಕ್ರಾಟಿಸ್ ಬದುಕಿದ್ದು ಸುಮಾರು ಕ್ರಿ.ಪೂ. 460ರಿಂದ 370ರವರೆಗೆ. ಅವನ ಹೆಸರಲ್ಲಿ ಸುಮಾರು 60 ಬರಹಗಳು ಉಳಿದಿವೆ. ಅವನ್ನು ಬರೆದದ್ದು ಒಬ್ಬನೇ ಅಲ್ಲ, ಹಲವರು. ಅವರ ನಡುವೆ ಒಮ್ಮತವೂ ಇಲ್ಲ. ಒಂದು ಬರಹದಲ್ಲಿ ಪಿತ್ತ, ಕಫ ಎರಡೇ ಮುಖ್ಯ. ಇನ್ನೊಂದರಲ್ಲಿ ರಕ್ತ, ಕಫ, ಪಿತ್ತದ ಜೊತೆ ನೀರು ನಾಲ್ಕನೆಯದು. ಮತ್ತೊಂದು ಬರಹದವನಿಗಂತೂ ಬಿಸಿ, ತಂಪು ಅಂತ ಎಲ್ಲವನ್ನೂ ವಿವರಿಸುವವರನ್ನು ಕಂಡರೇ ಆಗುವುದಿಲ್ಲ.

ನಾವು ಶಾಲೆಯ ಪುಸ್ತಕದಲ್ಲಿ ಓದುವ ನಾಲ್ಕು ರಸಗಳು, ಅಂದರೆ ದೇಹದೊಳಗಿನ ನಾಲ್ಕು ದ್ರವಗಳಾದ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ, ಸ್ಪಷ್ಟವಾಗಿ ಕಾಣುವುದು ಮನುಷ್ಯನ ಪ್ರಕೃತಿ ಕುರಿತ ಒಂದು ಬರಹದಲ್ಲಿ. ಅದನ್ನು ಹಿಪ್ಪೊಕ್ರಾಟಿಸನ ಅಳಿಯ ಪಾಲಿಬಸ್ ಬರೆದದ್ದು ಎಂದು ಹೇಳುತ್ತಾರೆ. ಈ ಒಂದು ಬರಹವನ್ನು ಎತ್ತಿಹಿಡಿದು, ಹಿಪ್ಪೊಕ್ರಾಟಿಸನ ನಿಜವಾದ ಬೋಧನೆ ಇದೇ ಎಂದು ಸಾಧಿಸಿದವನು ಗ್ಯಾಲನ್. ಅವನು ಹುಟ್ಟಿದ್ದು ಕ್ರಿ.ಶ. 129ರಲ್ಲಿ, ಪೆರ್ಗಮಾನ್‌ನಲ್ಲಿ. ಅದು ಈಗಿನ ತುರ್ಕಿಯ ಬೆರ್ಗಾಮಾ. ಮೊದಲು ಗ್ಲಾಡಿಯೇಟರ್‌ಗಳಿಗೆ ವೈದ್ಯ, ಆಮೇಲೆ ರೋಮ್‌ನಲ್ಲಿ ಚಕ್ರವರ್ತಿ ಮಾರ್ಕಸ್ ಆರೇಲಿಯಸ್‌ಗೆ ವೈದ್ಯ. ಹಿಪ್ಪೊಕ್ರಾಟಿಸ್, ಗ್ಯಾಲನ್ ಇಬ್ಬರ ನಡುವೆ ಸುಮಾರು 500 ವರ್ಷಗಳ ಅಂತರ. ನಾವು ವಿಜಯನಗರದ ಕಾಲದ ಮಾತನ್ನು ಇವತ್ತು ವಿವರಿಸಿದ ಹಾಗೆ.

ಆಮೇಲಿನ ದಾರಿ ಇನ್ನೂ ಉದ್ದ. ಒಂಬತ್ತನೇ ಶತಮಾನದಲ್ಲಿ ಬಾಗ್ದಾದ್‌ನಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಗ್ಯಾಲನ್‌ನ ಬರಹಗಳನ್ನು ಸಿರಿಯಾಕ್, ಅರಬ್ಬಿ ಭಾಷೆಗಳಿಗೆ ತಂದರು. ಮುಂದೆ ಪರ್ಷಿಯಾದ ವೈದ್ಯ ಇಬ್ನ್ ಸೀನಾ ಅದನ್ನೆಲ್ಲ ಒಪ್ಪ ಮಾಡಿ ದೊಡ್ಡ ಗ್ರಂಥ ಬರೆದರು. ಹನ್ನೆರಡನೇ ಶತಮಾನದಲ್ಲಿ ಅದು ಸ್ಪೇನಿನ ಟೊಲೆಡೊದಲ್ಲಿ ಲ್ಯಾಟಿನ್ ಆಯಿತು. ಇತ್ತ ನಮ್ಮ ಕಡೆಗೆ ಬಂದದ್ದು ಯುನಾನಿ ಹೆಸರಲ್ಲಿ. ಯುನಾನಿ ಅಂದರೆ ಗ್ರೀಕರದ್ದು ಎಂದೇ ಅರ್ಥ. ಬೆಂಗಳೂರಿನಲ್ಲಿ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ ಇದೆಯಲ್ಲ, ಅಲ್ಲಿ ಹೇಳಿಕೊಡುವ ದಮ್, ಬಲ್ಗಮ್, ಸಫ್ರಾ, ಸೌದಾ ಈ ನಾಲ್ಕು ರಸಗಳೇ.

ಆದ್ದರಿಂದ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆಯಿರಿ: ಈ ಬರಹ ಯಾವುದು, ಯಾವ ಊರು, ಯಾವ ಶತಮಾನ, ಎಷ್ಟು ಭಾಷೆ ದಾಟಿ ನನ್ನ ಕೈಗೆ ಬಂತು.

2. ನಾಲ್ಕು ರಸಗಳ ಪಟ್ಟಿ ಬರೆದುಕೊಳ್ಳಿ, ಋತುಗಳ ಜೊತೆಗೆ

ರಕ್ತ: ಬಿಸಿ, ತೇವ. ವಸಂತ.
ಹಳದಿ ಪಿತ್ತ: ಬಿಸಿ, ಒಣ. ಬೇಸಿಗೆ.
ಕಪ್ಪು ಪಿತ್ತ: ತಂಪು, ಒಣ. ಎಲೆ ಉದುರುವ ಕಾಲ.
ಕಫ: ತಂಪು, ತೇವ. ಚಳಿಗಾಲ.

ಆರೋಗ್ಯ ಅಂದರೆ ಈ ನಾಲ್ಕೂ ಹದವಾಗಿ ಬೆರೆತಿರುವುದು. ಯಾವುದೋ ಒಂದು ಜಾಸ್ತಿಯಾದರೆ, ಕಡಿಮೆಯಾದರೆ, ಉಳಿದವುಗಳ ಜೊತೆ ಬೆರೆಯದೆ ಒಂದು ಕಡೆ ನಿಂತರೆ ರೋಗ. ಲೆಕ್ಕ ಇಷ್ಟೇ.

ಋತುಗಳ ಬಗ್ಗೆ ಒಂದು ಎಚ್ಚರಿಕೆ. ಚಳಿಗಾಲ ಯಾಕೆ "ತೇವ" ಅಂತ ನಮ್ಮವರಿಗೆ ಅನುಮಾನ ಬರುತ್ತದೆ. ನಮ್ಮಲ್ಲಿ ಡಿಸೆಂಬರ್, ಜನವರಿ ಅಂದರೆ ತುಟಿ ಒಡೆಯುವ ಒಣ ಚಳಿ. ಮಳೆ ಏನಿದ್ದರೂ ಜೂನ್‌ನಿಂದ. ಆದರೆ ಗ್ರೀಸ್‌ನಲ್ಲಿ ಮಳೆ ಬರುವುದೇ ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣಗಿರುತ್ತದೆ. ಅಲ್ಲಿಯ ಆಕಾಶವನ್ನು ನೋಡಿ ಮಾಡಿದ ಪಟ್ಟಿ ಇದು. ನಮ್ಮ ಪಂಚಾಂಗಕ್ಕೆ ಹೊಂದಿಸಲು ಹೋದರೆ ಮಳೆಗಾಲಕ್ಕೆ ಜಾಗವೇ ಸಿಗುವುದಿಲ್ಲ.

"ಬಿಸಿ" ಅಂದರೆ ಥರ್ಮಾಮೀಟರಿನ ಬಿಸಿ ಎಂದೂ ತಿಳಿಯಬೇಡಿ. ಇದನ್ನು ಯುರೋಪಿನ ಓದುಗರಿಗೆ ವಿವರಿಸಲು ಎರಡು ಪುಟ ಬೇಕು. ನಮಗೆ ಒಂದೇ ಮಾತು ಸಾಕು. ಫ್ರಿಜ್ಜಿನಲ್ಲಿಟ್ಟ ಪಪ್ಪಾಯಿಯೂ ಉಷ್ಣವೇ ಅಲ್ವಾ? ಹಾಗೆಯೇ. ಗ್ಯಾಲನ್ ಇದಕ್ಕೆ ಲೆಕ್ಕವನ್ನೂ ಕೊಟ್ಟಿದ್ದಾನೆ. ಒಂದು ಔಷಧಿ ಎಷ್ಟು ಬಿಸಿ, ಎಷ್ಟು ಒಣ ಅಂತ ಹೇಳಲು ನಾಲ್ಕು ಮೆಟ್ಟಿಲು.

ಹಾಗಾದರೆ ಈ ನಾಲ್ಕು ರಸ ಸುಮ್ಮನೆ ಕಲ್ಪನೆಯೇ? ಪೂರ್ತಿ ಹಾಗೆ ಹೇಳಲಾಗದು. ಮೂಗು ಸೋರುವಾಗ ಕಫ ಕಾಣುತ್ತದೆ, ವಾಂತಿಯಲ್ಲಿ ಹಳದಿ ಪಿತ್ತ ಕಾಣುತ್ತದೆ. ಕಪ್ಪು ಪಿತ್ತವೇ ಕಷ್ಟದ್ದು. ಸ್ವೀಡನ್ನಿನ ವೈದ್ಯ ರಾಬಿನ್ ಫೋರಿಯಸ್ ಒಂದು ವಿವರಣೆ ಕೊಟ್ಟರು. ಕೆಂಪು ರಕ್ತಕಣಗಳು ಎಷ್ಟು ಬೇಗ ತಳಕ್ಕೆ ಇಳಿಯುತ್ತವೆ ಎಂದು ಇವತ್ತು ಲ್ಯಾಬಿನಲ್ಲಿ ನೋಡುವ ಇಎಸ್‌ಆರ್ ಪರೀಕ್ಷೆಯ ಹಿಂದೆ ಇರುವವರಲ್ಲಿ ಇವರೂ ಒಬ್ಬರು. ರಕ್ತವನ್ನು ಗಾಜಿನ ಪಾತ್ರೆಯಲ್ಲಿ ಅಲುಗಾಡಿಸದೆ ಬಿಟ್ಟರೆ ಪದರ ಪದರವಾಗಿ ನಿಲ್ಲುತ್ತದೆ. ತಳದಲ್ಲಿ ಕಪ್ಪಾದ ಗಡ್ಡೆ, ಮೇಲೆ ಕೆಂಪು, ಅದರ ಮೇಲೆ ಬಿಳಿಚಿದ ತೆಳು ಪದರ, ಎಲ್ಲದರ ಮೇಲೆ ಹಳದಿ ನೀರು. ನಾಲ್ಕು ಬಣ್ಣ, ನಾಲ್ಕು ರಸ. ಗ್ರೀಕರು ನೋಡಿದ್ದು ಇದನ್ನೇ ಎಂದು ಯಾರೂ ಸಾಬೀತು ಮಾಡಿಲ್ಲ. ಆದರೂ ನನಗೆ ಈ ವಿವರಣೆ ಇಷ್ಟ. ಕಣ್ಣಿಗೆ ಕಂಡದ್ದರಿಂದ ಶುರು ಮಾಡಿದ ಜನ ಅವರು ಅನ್ನುವುದನ್ನು ಇದು ನೆನಪಿಸುತ್ತದೆ.

3. ನಮ್ಮ ತ್ರಿದೋಷವನ್ನು ಪಕ್ಕಕ್ಕಿಡಿ

ಹಳದಿ ಪಿತ್ತ ಅಂದರೆ ನಮ್ಮ ಪಿತ್ತ, ಅವರ ಕಫ ಅಂದರೆ ನಮ್ಮ ಕಫ ಅಂತ ಗಂಟು ಹಾಕುವುದು ಸುಲಭ. ಆಮೇಲೆ ವಾತವನ್ನು ಎಲ್ಲಿಡುತ್ತೀರಿ? ಆಯುರ್ವೇದದ ಮೂರು ದೋಷಗಳಾದ ವಾತ, ಪಿತ್ತ, ಕಫಗಳಲ್ಲಿ ವಾತವೇ ಉಳಿದೆರಡನ್ನೂ ಓಡಾಡಿಸುವುದು. ಗ್ರೀಕರ ನಾಲ್ಕರಲ್ಲಿ ಗಾಳಿಯ ರಸ ಅಂತ ಒಂದಿಲ್ಲ. ಅವರ ಕಪ್ಪು ಪಿತ್ತಕ್ಕೆ ನಮ್ಮಲ್ಲಿ ಜೋಡಿ ಇಲ್ಲ. ರಕ್ತದ ವಿಷಯವೂ ಹಾಗೆಯೇ. ಅವರಿಗೆ ರಕ್ತ ಒಂದು ರಸ. ನಮ್ಮಲ್ಲಿ ಅದು ದೇಹವನ್ನು ಕಟ್ಟುವ ಏಳು ಧಾತುಗಳಲ್ಲಿ ಒಂದು. ಸುಶ್ರುತ ಸಂಹಿತೆ ಮಾತ್ರ ರಕ್ತಕ್ಕೆ ದೋಷಗಳ ಹತ್ತಿರದ ಸ್ಥಾನ ಕೊಡುತ್ತದೆ.

ದೊಡ್ಡ ಪದಗಳಿಗಿಂತ ಸಣ್ಣ ಪದಗಳು ಹೆಚ್ಚು ಮೋಸ ಮಾಡುತ್ತವೆ. ಜ್ವರದಲ್ಲಿ ರೋಗಿ ಏನೇನೋ ಬಡಬಡಿಸಿದರೆ ನಾವು "ಸನ್ನಿ ಹಿಡಿದಿದೆ" ಅನ್ನುತ್ತೇವೆ. ಸನ್ನಿ ಬಂದದ್ದು ಸನ್ನಿಪಾತದಿಂದ. ಮೂರೂ ದೋಷ ಒಟ್ಟಿಗೆ ಕೆರಳಿವೆ ಎಂದು ಅದರ ಅರ್ಥ. ಗ್ರೀಕ್ ರೋಗಿಗೆ ಸನ್ನಿ ಹಿಡಿಯಿತು ಎಂದು ಬರೆದ ಕ್ಷಣ ನಮಗೆ ಗೊತ್ತಿಲ್ಲದೆ ಆಯುರ್ವೇದದ ಚರಕನನ್ನು ಗ್ರೀಸ್‌ಗೆ ಕರೆದುಕೊಂಡು ಹೋಗಿರುತ್ತೇವೆ. "ಮೈಮರೆತು ಮಾತಾಡಿದ" ಅಂದರೆ ಸಾಕು.

ಒಂದು ಕಡೆ ಮಾತ್ರ ಧೈರ್ಯವಾಗಿ ನಮ್ಮ ಪದ ಬಳಸಬಹುದು. ರಸಗಳು ದೇಹದ ಶಾಖದಲ್ಲಿ ಬೇಯುತ್ತವೆ, ಬೆಂದು ಹದವಾದರೆ ರೋಗ ಇಳಿಯುತ್ತದೆ ಎಂದು ಗ್ರೀಕರು ನಂಬಿದ್ದರು. ಅದಕ್ಕೆ ಅವರ ಮಾತು ಪೆಪ್ಸಿಸ್. ನಮ್ಮ ಪಾಕ, ಪಕ್ವ, ಪಚನ ಎಲ್ಲ ಹುಟ್ಟಿದ ಬೇರಿನಿಂದಲೇ ಅದೂ ಹುಟ್ಟಿದ್ದು. ನೆಗಡಿಯ ನೀರು ಗಟ್ಟಿಯಾಗಿ ಹಳದಿಗೆ ತಿರುಗಿದಾಗ "ನೆಗಡಿ ಹಣ್ಣಾಯಿತು, ಇನ್ನು ಇಳಿಯುತ್ತದೆ" ಎಂದು ಹಿರಿಯರು ಹೇಳುವುದುಂಟು. ಹಿಪ್ಪೊಕ್ರಾಟಿಸನ ಕಾಲದ ವೈದ್ಯ ಅದನ್ನು ಕೇಳಿದ್ದರೆ ತಲೆಯಾಡಿಸುತ್ತಿದ್ದ.

4. ಆರು ಸಂಗತಿ ಹುಡುಕಿ

ರೋಗ ಯಾಕೆ ಬಂತು ಎಂದು ಹಳೆಯ ವೈದ್ಯ ಕೇಳುವಾಗ ಅವನ ತಲೆಯಲ್ಲಿ ಸೋಂಕು ಇಲ್ಲ. ಬದುಕಿದ ರೀತಿ ಇದೆ. ಗ್ಯಾಲನ್ ನಂತರದವರು ಇದನ್ನು ಆರಾಗಿ ವಿಂಗಡಿಸಿದರು: ಗಾಳಿ, ಊಟ ಮತ್ತು ಪಾನೀಯ, ನಿದ್ದೆ ಮತ್ತು ಎಚ್ಚರ, ಕೆಲಸ ಮತ್ತು ವಿಶ್ರಾಂತಿ, ದೇಹದಿಂದ ಹೊರಹೋಗುವುದು ಮತ್ತು ಒಳಗೇ ನಿಲ್ಲುವುದು, ಕೊನೆಗೆ ಮನಸ್ಸಿನ ಆವೇಗಗಳು. ಓದುವಾಗ ಇವು ಬಂದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಮೇಲ್ನೋಟಕ್ಕೆ ಕಥೆಗಾಗಿ ಸೇರಿಸಿದ ವಿವರ ಎನ್ನಿಸಿದ್ದು ಬಹಳ ಸಲ ಕಾರಣವೇ ಆಗಿರುತ್ತದೆ.

5. ದಿನ ಎಣಿಸಿ: ಫಿಲಿಸ್ಕಸ್‌ನ ಆರು ದಿನ

ನನ್ನ ಮಟ್ಟಿಗೆ ಇದೇ ಮುಖ್ಯ ಹೆಜ್ಜೆ. ಉದಾಹರಣೆಗೆ ಹಿಪ್ಪೊಕ್ರಾಟಿಸನ ಹೆಸರಿನಲ್ಲಿರುವ "ಎಪಿಡೆಮಿಕ್ಸ್" ಎಂಬ ಬರಹದ ಮೊದಲ ಭಾಗ ತೆಗೆದುಕೊಳ್ಳೋಣ. ಕ್ರಿ.ಪೂ. ಐದನೇ ಶತಮಾನದ ಕೊನೆಯ ಹೊತ್ತಿನದು. ಅಲ್ಲಿ ಬರುವ ಜಾಗ ಗ್ರೀಸಿನ ಥಾಸೋಸ್ ದ್ವೀಪ. ಈ ಬರಹದ ಮೊದಲ, ಮೂರನೇ ಭಾಗಗಳಲ್ಲಿ ಒಟ್ಟು 42 ರೋಗಿಗಳ ದಿನಚರಿ ಇದೆ. ಅವರಲ್ಲಿ 25 ಜನ ತೀರಿಕೊಂಡರು. ತನ್ನ ಕೈಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಉಳಿಯಲಿಲ್ಲ ಎಂದು ಮುಚ್ಚುಮರೆ ಇಲ್ಲದೆ ಬರೆದಿಟ್ಟ ಆ ವೈದ್ಯನ ಬಗ್ಗೆ ನನಗೆ ತುಂಬ ಗೌರವ.

ಮೊದಲ ರೋಗಿಯ ಹೆಸರು ಫಿಲಿಸ್ಕಸ್. ಊರಿನ ಗೋಡೆಯ ಪಕ್ಕ ಅವನ ಮನೆ. ಇಷ್ಟು ಹೇಳಿ ವೈದ್ಯ ನೇರ ಹಾಸಿಗೆಯ ಹತ್ತಿರ ಹೋಗುತ್ತಾನೆ. ಅವನು ಬರೆದದ್ದರ ಸಾರ ನನ್ನ ಮಾತಿನಲ್ಲಿ ಹೀಗಿದೆ.

ಮೊದಲ ದಿನ ಜೋರು ಜ್ವರ, ಬೆವರು, ರಾತ್ರಿ ಸಂಕಟ. ಎರಡನೇ ದಿನ ಎಲ್ಲವೂ ಉಲ್ಬಣ. ಸಂಜೆ ಎನಿಮಾ ಕೊಟ್ಟರು, ರಾತ್ರಿ ಹಾಯಾಗಿ ಕಳೆಯಿತು. ಮೂರನೇ ದಿನ ಮಧ್ಯಾಹ್ನದವರೆಗೆ ಜ್ವರ ಬಿಟ್ಟ ಹಾಗೆ ಕಂಡಿತು. ಸಂಜೆ ಮತ್ತೆ ಜ್ವರ, ಬೆವರು, ಬಾಯಾರಿಕೆ, ಒಣಗಿದ ನಾಲಿಗೆ, ಕಪ್ಪು ಮೂತ್ರ. ರಾತ್ರಿ ನಿದ್ದೆ ಇಲ್ಲ, ಪೂರ್ತಿ ಮೈಮರೆತ. ನಾಲ್ಕನೇ ದಿನ ಇನ್ನೂ ಹೆಚ್ಚು, ಮೂತ್ರ ಕಪ್ಪು. ರಾತ್ರಿ ಸ್ವಲ್ಪ ಸಮಾಧಾನ, ಮೂತ್ರದ ಬಣ್ಣವೂ ಸುಧಾರಿಸಿತು. ಐದನೇ ದಿನ ಮಧ್ಯಾಹ್ನದ ಹೊತ್ತಿಗೆ ಮೂಗಿನಿಂದ ಒಂದಿಷ್ಟು ರಕ್ತ. ಮೂತ್ರದಲ್ಲಿ ದುಂಡಗಿನ ಕಣಗಳು ತೇಲುತ್ತಿದ್ದವು, ತಳಕ್ಕೆ ಇಳಿಯಲಿಲ್ಲ. ರಾತ್ರಿ ಕೈಕಾಲು ತಣ್ಣಗಾದವು, ಮತ್ತೆ ಬೆಚ್ಚಗಾಗಲೇ ಇಲ್ಲ. ಬೆಳಗಿನ ಜಾವ ಮಾತು ನಿಂತಿತು. ಆರನೇ ದಿನ ನಡುಮಧ್ಯಾಹ್ನ ತೀರಿಕೊಂಡ.

ಆಮೇಲೆ ಕೆಲವು ಟಿಪ್ಪಣಿ. ಉಸಿರಾಟ ಉದ್ದಕ್ಕೂ ಅಪರೂಪವಾಗಿ, ದೊಡ್ಡದಾಗಿ ಇತ್ತು, ಉಸಿರಾಡಬೇಕು ಎಂದು ನೆನಪು ಮಾಡಿಕೊಂಡು ಆಡುವವನ ಹಾಗೆ. ಗುಲ್ಮ, ಅಂದರೆ ಹೊಟ್ಟೆಯ ಎಡಗಡೆಯ ಸ್ಪ್ಲೀನ್, ದುಂಡಗೆ ಊದಿತ್ತು. ಉಲ್ಬಣ ಆಗುತ್ತಿದ್ದದ್ದು ಸಮ ಸಂಖ್ಯೆಯ ದಿನಗಳಲ್ಲಿ.

ಈಗ ನೋಟ್‌ಬುಕ್ಕಿನಲ್ಲಿ ಆರು ಸಾಲು ಎಳೆಯಿರಿ. ಪ್ರತಿ ದಿನಕ್ಕೆ ಜ್ವರ, ಮೂತ್ರ, ನಿದ್ದೆ, ಬೆವರು ಬರೆಯಿರಿ. ಬರೆದಾಗ ಮಾತ್ರ ಕಾಣುವ ಸಂಗತಿಗಳಿವೆ. ಮೂತ್ರದ ಬಗ್ಗೆ ಇಷ್ಟೊಂದು ವಿವರ ಯಾಕೆ? ಅದರಲ್ಲಿ ಕಣಗಳು ತಳಕ್ಕೆ ಇಳಿದರೆ ರಸ ಬೆಂದಿದೆ, ಪಾಕ ಆಗಿದೆ ಎಂದು ಸೂಚನೆ. "ಇಳಿಯಲಿಲ್ಲ" ಅನ್ನುವ ಒಂದು ಪದದಲ್ಲಿ ವೈದ್ಯ ಆಸೆ ಬಿಟ್ಟದ್ದು ತಿಳಿಯುತ್ತದೆ. ಮೂಗಿನ ರಕ್ತವೂ ಹಾಗೆ. ದೇಹ ತಾನೇ ಕೆಟ್ಟದ್ದನ್ನು ಹೊರಹಾಕುವ ದಾರಿ ಅದು ಎಂದು ನಂಬಿಕೆ. ಇಲ್ಲಿ ಬಂದದ್ದು ಒಂದಿಷ್ಟೇ. ಸಾಲಲಿಲ್ಲ. ದಿನ ಎಣಿಸುವುದಕ್ಕೂ ಕಾರಣವಿದೆ. ರೋಗಕ್ಕೆ ಒಂದು ತೀರ್ಪಿನ ದಿನ ಇರುತ್ತದೆ, ಅವತ್ತು ಆಚೆಯೋ ಈಚೆಯೋ ನಿರ್ಧಾರ ಆಗುತ್ತದೆ ಎಂದು ಅವರ ಲೆಕ್ಕ. ತೀರ್ಪಿಗೆ ಗ್ರೀಕರ ಮಾತು ಕ್ರಿಸಿಸ್. ಇಂಗ್ಲಿಷಿನ ಕ್ರೈಸಿಸ್ ಅಲ್ಲಿಂದಲೇ ಬಂತು.

ಎಣಿಸುವಾಗ ಒಂದು ಗಮನ ಇರಲಿ. ಗ್ರೀಕರು ಶುರುವಿನ ದಿನವನ್ನೂ ಸೇರಿಸಿ ಎಣಿಸುತ್ತಾರೆ. "ಮೂರನೇ ದಿನದ ಜ್ವರ" ಅಂದರೆ ದಿನ ಬಿಟ್ಟು ದಿನ, 48 ಗಂಟೆಗೊಮ್ಮೆ ಬರುವುದು. "ನಾಲ್ಕನೇ ದಿನದ ಜ್ವರ" 72 ಗಂಟೆಗೊಮ್ಮೆ. ಗ್ಯಾಲನ್ ಪ್ರಕಾರ ಮೊದಲನೆಯದಕ್ಕೆ ಹಳದಿ ಪಿತ್ತ ಕಾರಣ, ಎರಡನೆಯದಕ್ಕೆ ಕಪ್ಪು ಪಿತ್ತ, ದಿನಾ ಬರುವ ಜ್ವರಕ್ಕೆ ಕಫ.

ಈಗ ಫಿಲಿಸ್ಕಸ್‌ನ ಕಥೆಯನ್ನು ಮತ್ತೊಮ್ಮೆ ಮೇಲಿಂದ ಓದಿ. ಯಾವ ರಸ ಕೆಟ್ಟಿತ್ತು ಎಂದು ಎಲ್ಲಾದರೂ ಹೇಳಿದೆಯಾ? ಇಲ್ಲ. ನಾನು ಮೊದಲ ಸಲ ಓದಿದಾಗ ಅಂಚಿನಲ್ಲಿ "ಕಪ್ಪು ಮೂತ್ರ, ಕಪ್ಪು ಪಿತ್ತ" ಎಂದು ಬರೆದಿದ್ದೆ. ಆಮೇಲೆ ಅಳಿಸಿದೆ. ಅದು ಆ ಪುಟದಲ್ಲಿ ಇರಲಿಲ್ಲ, ನನ್ನ ತಲೆಯಲ್ಲಿತ್ತು. ಶತಮಾನಗಳ ನಂತರ ಗ್ಯಾಲನ್ ಈ ಬರಹಕ್ಕೆ ಉದ್ದನೆಯ ವ್ಯಾಖ್ಯಾನ ಬರೆದು ರಸಗಳ ಸಿದ್ಧಾಂತದಿಂದ ವಿವರಿಸಿದ. ಕಂಡದ್ದು ಯಾವುದು, ವಿವರಣೆ ಯಾವುದು ಎಂದು ಎರಡು ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿ.

6. ಚಿಕಿತ್ಸೆಯ ತರ್ಕ ಹಿಡಿಯಿರಿ, ಆಮೇಲೆ ಫಲ ಕೇಳಿ

ಚಿಕಿತ್ಸೆಯ ನಿಯಮ ಎರಡು. ವಿರುದ್ಧವಾದದ್ದನ್ನು ಕೊಡು: ಬಿಸಿಗೆ ತಂಪು, ಒಣಗಿದ್ದಕ್ಕೆ ತೇವ. ಜಾಸ್ತಿ ಆದದ್ದನ್ನು ಹೊರಗೆ ತೆಗೆ: ವಾಂತಿ, ಭೇದಿ, ಬೆವರು, ರಕ್ತ.

ರಕ್ತ ತೆಗೆಯುವುದನ್ನು ಓದಿದಾಗ ಈಗಿನವರಿಗೆ ಮೈ ಜುಮ್ ಅನ್ನುತ್ತದೆ. ಆದರೆ ಗ್ಯಾಲನ್‌ನ ದೇಹದಲ್ಲಿ ರಕ್ತ ಸುತ್ತುವುದಿಲ್ಲ. ಊಟದಿಂದ ಯಕೃತ್ತು ಹೊಸ ರಕ್ತ ಮಾಡುತ್ತದೆ, ಅದು ಅಂಗಗಳಿಗೆ ಹೋಗಿ ಅಲ್ಲೇ ಮುಗಿಯುತ್ತದೆ. ತಿಂದದ್ದು ಹೆಚ್ಚಾಗಿ ಖರ್ಚು ಕಡಿಮೆಯಾದರೆ ರಕ್ತ ನಿಂತು ಕೊಳೆಯುತ್ತದೆ. ಗದ್ದೆಗೆ ನೀರು ಜಾಸ್ತಿಯಾದಾಗ ಬದು ಕಡಿದು ಬಿಡುವ ಹಾಗೆ ತೆಗೆದುಬಿಡು, ಅಷ್ಟೇ. ರಕ್ತ ಸುತ್ತುತ್ತದೆ ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ತೋರಿಸಿದ್ದು 1628ರಲ್ಲಿ. ರಕ್ತ ತೆಗೆಯುವುದು ಅದಾದ ಮೇಲೂ ನಿಲ್ಲಲಿಲ್ಲ. 1799ರ ಡಿಸೆಂಬರ್ 14ರಂದು ಗಂಟಲಿನ ರೋಗದಿಂದ ಜಾರ್ಜ್ ವಾಷಿಂಗ್ಟನ್ ಸತ್ತಾಗ ಅವರ ಮೈಯಿಂದ ಒಂದೇ ದಿನದಲ್ಲಿ ಹಲವು ಸಲ ರಕ್ತ ತೆಗೆದಿದ್ದರು.

ಇದು ಬದಲಾಗತೊಡಗಿದ್ದು ಲೆಕ್ಕ ಇಟ್ಟಾಗ. ಪ್ಯಾರಿಸ್‌ನಲ್ಲಿ ವೈದ್ಯ ಪಿಯರ್ ಲೂಯಿ ನ್ಯುಮೋನಿಯಾದ 77 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಮೊದಲ ನಾಲ್ಕು ದಿನದಲ್ಲೇ ರಕ್ತ ತೆಗೆಸಿಕೊಂಡ 41 ಜನರಲ್ಲಿ 18 ಮಂದಿ ಸತ್ತಿದ್ದರು. ತಡವಾಗಿ ತೆಗೆಸಿಕೊಂಡ 36 ಜನರಲ್ಲಿ 9 ಮಂದಿ. ಬೇಗ ರಕ್ತ ತೆಗೆದರೆ ಬದುಕುತ್ತಾರೆ ಎಂಬ ಮಾತಿಗೆ ಈ ಅಂಕಿಗಳಲ್ಲಿ ಆಧಾರ ಸಿಗಲಿಲ್ಲ. ಅವರ ಪುಸ್ತಕ ಬಂದದ್ದು 1835ರಲ್ಲಿ.

ತರ್ಕ ಸರಿಯಾಗಿ ಕೂತ ಮಾತ್ರಕ್ಕೆ ರೋಗಿ ಉಳಿಯುವುದಿಲ್ಲ. ಆದ್ದರಿಂದ ದಯವಿಟ್ಟು ಹಳೆಯ ಪುಸ್ತಕದ ಔಷಧಿಯನ್ನು ಮನೆಯಲ್ಲಿ ಮಾಡಿ ನೋಡಬೇಡಿ. ವಿಷದ ಗಿಡಗಳು, ಲೋಹಗಳು ಅವುಗಳಲ್ಲಿ ಧಾರಾಳವಾಗಿವೆ. ಜ್ವರ ಬಂದರೆ ಆಸ್ಪತ್ರೆಗೇ ಹೋಗಿ.

7. ಈಗಿನ ರೋಗದ ಹೆಸರು ಕೊನೆಗೆ, ಪೆನ್ಸಿಲಿನಲ್ಲಿ

ಫಿಲಿಸ್ಕಸ್‌ಗೆ ಏನಾಗಿತ್ತು? ದಿನ ಬಿಟ್ಟು ದಿನ ಉಲ್ಬಣ, ಊದಿದ ಗುಲ್ಮ, ಕಪ್ಪು ಮೂತ್ರ. ಓದಿದ ಕೆಲವು ವೈದ್ಯರು ಮಲೇರಿಯಾ ಎಂದಿದ್ದಾರೆ, ಅದರಲ್ಲೂ ರಕ್ತಕಣಗಳು ಒಡೆದು ಮೂತ್ರ ಕಪ್ಪಾಗುವ ತೀವ್ರ ಬಗೆ. ಆ ಉಸಿರಾಟ ಇವತ್ತು ಚೇಯ್ನ್–ಸ್ಟೋಕ್ಸ್ ಉಸಿರಾಟ ಅನ್ನುವುದೇ ಇರಬಹುದು ಎಂದೂ ಹೇಳುತ್ತಾರೆ. ಜಾನ್ ಚೇಯ್ನ್ ಅದನ್ನು ವಿವರಿಸಿದ್ದು 1818ರಲ್ಲಿ, ವಿಲಿಯಂ ಸ್ಟೋಕ್ಸ್ 1854ರಲ್ಲಿ. ಥಾಸೋಸ್‌ನ ವೈದ್ಯ ಹಾಸಿಗೆಯ ಪಕ್ಕ ಕೂತು ಆ ಉಸಿರಾಟ ನೋಡಿದ್ದು ಅವರಿಗಿಂತ ಎರಡು ಸಾವಿರ ವರ್ಷಕ್ಕೂ ಹಿಂದೆ.

ಆದರೆ ರಕ್ತ ಪರೀಕ್ಷೆ ಇಲ್ಲದೆ ಖಚಿತ ಹೇಳಲಾಗದು. "ಮಲೇರಿಯಾ ಇರಬಹುದು" ಎಂದು ಬರೆಯಿರಿ, "ಮಲೇರಿಯಾ" ಎಂದು ಬರೆಯಬೇಡಿ. ಹೆಸರು ಒಂದೇ ಇದ್ದಾಗ ಇನ್ನೂ ಹುಷಾರು. ಗ್ರೀಕ್ ಬರಹಗಳಲ್ಲೂ ಕಾಲರಾ ಎಂಬ ರೋಗ ಇದೆ. ಅದು ವಾಂತಿ, ಭೇದಿಯ ಒಂದು ಸಾಮಾನ್ಯ ಹೆಸರು. 1817ರಲ್ಲಿ ಬಂಗಾಳದಿಂದ ಹರಡಿದ ಕಾಲರಾ ಬೇರೆ. ಮೆಲಂಕೋಲಿಯಾ ಅಂದರೆ ಅಕ್ಷರಶಃ ಕಪ್ಪು ಪಿತ್ತ. ಭಯ, ದುಃಖ ಬಹಳ ಕಾಲ ಬಿಡದೆ ಕಾಡಿದರೆ ಅದು ಎಂದರು ಹಿಪ್ಪೊಕ್ರಾಟಿಸನ ಬಳಗದವರು. ಅದನ್ನು ಖಿನ್ನತೆ ಎಂದು ಅನುವಾದ ಮಾಡಿದರೆ ಅದರೊಳಗಿನ ಪಿತ್ತ, ಗುಲ್ಮ, ತಂಪು, ಒಣ ಎಲ್ಲ ಮಾಯವಾಗುತ್ತದೆ. ಮೆಲಂಕೋಲಿಯಾ ಎಂದೇ ಉಳಿಸಿ, ಒಂದು ಸಾಲು ವಿವರಣೆ ಕೊಡಿ.

8. ಈಗ ನೀವೇ ಮಾಡಿ ನೋಡಿ

ಫಿಲಿಸ್ಕಸ್‌ನ ಮುಂದಿನ ರೋಗಿ ಸೈಲೀನಸ್. ವಯಸ್ಸು ಸುಮಾರು ಇಪ್ಪತ್ತು. ಅತಿಯಾದ ದಣಿವು, ಕುಡಿತ, ಹೊತ್ತಲ್ಲದ ಹೊತ್ತಿನ ವ್ಯಾಯಾಮ, ಇವುಗಳಿಂದ ಅವನಿಗೆ ಜ್ವರ ಹಿಡಿಯಿತು ಎಂದು ಕಥೆ ಶುರುವಾಗುತ್ತದೆ. ನಾಲ್ಕನೇ ಹೆಜ್ಜೆಯ ಪೆನ್ಸಿಲ್ ಇಲ್ಲೇ ಬೇಕು. ಹನ್ನೊಂದು ಸಾಲು ಎಳೆದುಕೊಳ್ಳಿ. ಹನ್ನೊಂದನೇ ದಿನ ಅವನೂ ತೀರಿಕೊಳ್ಳುತ್ತಾನೆ. ಅಷ್ಟರೊಳಗೆ ವೈದ್ಯನಿಗೆ ಯಾವ ದಿನ ಆಸೆ ಇತ್ತು, ಯಾವ ದಿನ ಹೋಯಿತು ಎಂದು ಹುಡುಕಿ. ಅವನು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮೂತ್ರದ ಸಾಲನ್ನೂ ನಿದ್ದೆಯ ಸಾಲನ್ನೂ ಒಟ್ಟಿಗೆ ಇಟ್ಟು ಓದಿ.